ನಾಲ್ಕು ದಿನ ಶಿರಸಿಯ ನೆಂಟರಾಗಿ

ಮಕ್ಕಳ ರಜೆ ಹತ್ತಿರ ಬಂದಂತೆ ಮನೆಮನೆಯಲ್ಲೂ ಒಂದು ಮಾತುಕತೆ ಶುರುವಾಗುತ್ತದೆ. ಈ ಸಲ ಎಲ್ಲಿಗೆ ಹೋಗುವುದು? ಅಪ್ಪ ಒಂದು ಜಾಗ ಹೇಳಿದರೆ ಅಮ್ಮ ಇನ್ನೊಂದು ಹೇಳುತ್ತಾರೆ. ಮಕ್ಕಳು ಮೊಬೈಲಿನಲ್ಲಿ ನೋಡಿದ ಮತ್ತೆರಡನ್ನು ಸೇರಿಸುತ್ತಾರೆ. ಎಲ್ಲರ ಮನಸ್ಸೂ ಉಳಿಯಲಿ ಎಂದು ನಾಲ್ಕು ದಿನಕ್ಕೆ ಎಂಟು ಜಾಗದ ಪಟ್ಟಿ ಸಿದ್ಧವಾಗುತ್ತದೆ. ಹೊರಟ ಮೇಲೆ ಹೆಚ್ಚಿನ ಹೊತ್ತು ಕಳೆಯುವುದು ವಾಹನದೊಳಗೆ. ಜಲಪಾತದ ಮುಂದೆ ಒಂದು ಫೋಟೊ, ಗುಡಿಯ ಮುಂದೆ ಒಂದು ಫೋಟೊ, ಹೋಟೆಲಿನ ಮುಂದೆ ಕಾಯುವ ಸಾಲು. ಮನೆಗೆ ಬಂದು ಚೀಲ ಇಳಿಸಿದಾಗ, ಹೋದ ಊರುಗಳಲ್ಲಿ ಒಬ್ಬರ ಪರಿಚಯವೂ ಆಗಿರುವುದಿಲ್ಲ.

ಇಂದಿನ ನನ್ನ ಮಾತು ಬೇರೊಂದು ಬಗೆಯ ರಜೆಯ ಬಗ್ಗೆ. ಒಂದೇ ಊರನ್ನು ಆರಿಸಿಕೊಳ್ಳಿ. ಅದು ಸಣ್ಣ ಊರಾಗಿರಲಿ. ಮನೆಮಂದಿಯೆಲ್ಲ ಅಲ್ಲಿ ನಾಲ್ಕು ದಿನ ನೆಂಟರಂತೆ ಇದ್ದು ಬನ್ನಿ. ನಾನು ಹೇಳಲಿರುವ ಊರು ಉತ್ತರ ಕನ್ನಡ ಜಿಲ್ಲೆಯ ಶಿರಸಿ. ನಮ್ಮ ಕುಟುಂಬ ಮತ್ತೆ ಮತ್ತೆ ಹೋಗುವ ಊರು ಅದು. ಬಂದವರನ್ನು ಅಲ್ಲಿನ ಜನ ಆದರಿಸುವ ರೀತಿ ಕಂಡು ಮೊದಮೊದಲು ನಮಗೆ ಸಂತೋಷವಷ್ಟೇ ಆಗುತ್ತಿತ್ತು. ಬರಬರುತ್ತ, ಈ ಆದರ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವಂತಾಯಿತು. ಹುಡುಕಿದಷ್ಟೂ ಉತ್ತರಗಳು ಸಿಕ್ಕವು. ಅಲ್ಲಿನ ಭೂಮಿ, ತೋಟದ ದುಡಿಮೆ, ವಹಿವಾಟಿನ ಕ್ರಮ, ಜಾತ್ರೆ, ಎಲ್ಲವೂ ಸೇರಿ ನೂರಾರು ವರ್ಷಗಳಿಂದ ಆ ಗುಣವನ್ನು ಬೆಳೆಸಿಕೊಂಡು ಬಂದಿವೆ. ಊರೊಂದು ಹೀಗೆ ಒಳ್ಳೆಯದಾಗುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಶಿರಸಿಯ ರಜೆಯಿಂದ ನಮಗೆ ಸಿಕ್ಕ ದೊಡ್ಡ ಲಾಭ ಅದೇ.

ಶಿರಸಿ ಇರುವುದು ಪಶ್ಚಿಮ ಘಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. 2011ರ ಜನಗಣತಿಯಂತೆ ಪಟ್ಟಣದ ಜನಸಂಖ್ಯೆ 60 ಸಾವಿರದ ಆಸುಪಾಸು. ಊರಿಗೆ ರೈಲು ಇಲ್ಲ. ಬೆಂಗಳೂರಿನಿಂದ 400 ಕಿಲೋಮೀಟರಿಗೂ ಹೆಚ್ಚು ದೂರ; ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಶಿರಸಿಯ ಚಳಿ ಮೈಗೆ ತಾಗುತ್ತದೆ. ಹುಬ್ಬಳ್ಳಿಯಿಂದಾದರೆ ಸುಮಾರು 100 ಕಿಲೋಮೀಟರ್. ರೈಲಿನಲ್ಲೇ ಬರಬೇಕೆನ್ನುವವರು ತಾಳಗುಪ್ಪಕ್ಕೋ ಹಾವೇರಿಗೋ ಬಂದು, ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ಕರಾವಳಿಯ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವ ದಾರಿ ಎಲ್ಲಕ್ಕಿಂತ ಚೆಂದ.

ಪೇಟೆಯನ್ನು ನಡೆದೇ ನೋಡಬಹುದು. ದೇವಿಕೆರೆ, ಐದು ರಸ್ತೆ, ಸಿ.ಪಿ. ಬಜಾರು ಎಂದು ಒಂದು ಸಂಜೆ ಸುತ್ತಿದರೆ ಸಾಕು, ಊರಿನ ಪರಿಚಯ ಆಗುತ್ತದೆ. ಅಂಗಡಿಗಳಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿಯ ಉಪ್ಪಿನಕಾಯಿ, ಡಬ್ಬಿಗಳಲ್ಲಿ ತುಂಬಿಟ್ಟ ಜೋನಿ ಬೆಲ್ಲ, ಕಾಳುಮೆಣಸು, ಏಲಕ್ಕಿ. ನಾವು ಕೇಳುವ ಮೊದಲೇ ಅಂಗಡಿಯವರು ನಮ್ಮನ್ನು ಕೇಳುತ್ತಾರೆ: ‘ಯಾವ ಊರಾಯ್ತು ನಿಮ್ದು?’ ಹೇಳಿದರೆ ಮುಂದಿನ ಪ್ರಶ್ನೆ, ‘ಉಳಿದದ್ದು ಯಾರ ಮನೇಲಿ?’ ನಗರದಲ್ಲಿ ಬೆಳೆದ ಮಕ್ಕಳಿಗೆ ಈ ಪ್ರಶ್ನೆಗಳು ಹೊಸವು. ಇನ್ನೊಬ್ಬರ ಬಗ್ಗೆ ತಿಳಿದುಕೊಳ್ಳುವುದು ಅಲ್ಲಿ ಮರ್ಯಾದೆಯ ಭಾಗ ಎಂಬುದು ಎರಡನೆಯ ದಿನಕ್ಕೆ ಅವರಿಗೂ ಅರ್ಥವಾಗುತ್ತದೆ. ಮೂರನೆಯ ದಿನ ಅವರೇ ಅಂಗಡಿಯವರನ್ನು ಮಾತಾಡಿಸತೊಡಗುತ್ತಾರೆ.

ಉಳಿಯುವುದಕ್ಕೆ ಪೇಟೆಯಲ್ಲಿ ವಸತಿಗೃಹಗಳಿವೆ. ಆದರೆ ಸಾಧ್ಯವಾದರೆ ಪೇಟೆಯಿಂದ ಸ್ವಲ್ಪ ಹೊರಗೆ, ಅಡಿಕೆ ತೋಟದ ಪಕ್ಕದ ಮನೆಯೊಂದರಲ್ಲಿ ಉಳಿಯಿರಿ. ಈಗ ಅಲ್ಲಿನ ಅನೇಕ ಮನೆಗಳವರು ಪ್ರವಾಸಿಗರಿಗೆ ಊಟ, ವಸತಿ ಕೊಡುತ್ತಾರೆ. ಮಲೆನಾಡಿನ ಭೂಮಿಯ ವ್ಯವಸ್ಥೆ ಅರ್ಥವಾಗಬೇಕಾದರೆ ಆ ಮನೆಯ ಅಂಗಳದಲ್ಲಿ ನಿಂತು ನೋಡಬೇಕು. ಕೆಳಗೆ ಕಣಿವೆಯ ತಂಪಿನಲ್ಲಿ ಅಡಿಕೆ ತೋಟ. ಅದರೊಳಗೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ತೋಟದ ಅಂಚಿನಲ್ಲಿ ಮನೆ, ಕೊಟ್ಟಿಗೆ. ಹಿಂದೆ ಏರಿನಲ್ಲಿ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಹಸಿರು ಸೊಪ್ಪು, ಒಣ ಎಲೆ ತರುವುದಕ್ಕೆಂದು ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟ ಕ್ರಮ ಬ್ರಿಟಿಷರ ಕಾಲದಿಂದ ಈ ಸೀಮೆಯಲ್ಲಿ ಇದೆ. ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗುತ್ತದೆ, ಗೊಬ್ಬರ ತೋಟಕ್ಕೆ ಇಳಿಯುತ್ತದೆ. ಕಾಡು ಉಳಿದರೆ ತೋಟ ಉಳಿಯುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ.

ಹೀಗೆ ತೋಟ ಇದ್ದಲ್ಲಿ ಮನೆ ಕಟ್ಟಿಕೊಂಡದ್ದರಿಂದ ಮನೆಗಳು ಚದುರಿಕೊಂಡಿವೆ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ ದಾಟಿ, ಸಂಕ ದಾಟಿ, ಏರು ಹತ್ತಿ ಹೋಗಬೇಕು. ಬಂದವರು ದಣಿದೇ ಬಂದಿರುತ್ತಾರೆ. ಆದ್ದರಿಂದ ಜಗಲಿ ಹತ್ತಿದ ಕೂಡಲೆ ಕೇಳುವ ಮೊದಲ ಮಾತು, ‘ಬನ್ನಿ ಬನ್ನಿ, ಆಸರಿಗೆ ಎಂತ ಬೇಕು?’ ಬೇಸಿಗೆಯಲ್ಲಾದರೆ ಮಜ್ಜಿಗೆ ಅಥವಾ ಮುರುಗಲಿನ ಪಾನಕ, ಚಳಿಯಲ್ಲಾದರೆ ಬಿಸಿ ಕಷಾಯ. ಕೈಕಾಲು ತೊಳೆಯಲು ತಂಬಿಗೆಯಲ್ಲಿ ನೀರು. ಆಮೇಲೆ ದೊಡ್ಡವರ ಮುಂದೆ ಕವಳದ, ಎಂದರೆ ಎಲೆಯಡಿಕೆಯ, ಬಟ್ಟಲು. ಬಂದ ಕೆಲಸ ಏನು ಎಂಬ ಪ್ರಶ್ನೆ ಇಷ್ಟೆಲ್ಲ ಆದ ಮೇಲೆ. ಜಾತಿ, ಅಂತಸ್ತು ಎಂಬ ಹಳೆಯ ಗೆರೆಗಳು ಬೇರೆಡೆ ಇದ್ದಂತೆ ಈ ಸೀಮೆಯಲ್ಲೂ ಇದ್ದವು, ಅವನ್ನು ಮರೆಮಾಚಬೇಕಿಲ್ಲ. ಆದರೂ ನಡೆದು ಬಂದವನಿಗೆ ನೀರು ಕೊಡಬೇಕೆಂಬ ನಿಯಮವನ್ನು ಈ ನೆಲದ ಏರುತಗ್ಗುಗಳೇ ಕಲಿಸಿದಂತಿದೆ.

ಎರಡನೆಯ ಗುರು ಅಡಿಕೆ. ಅಡಿಕೆಯ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಮಳೆಗಾಲಕ್ಕೆ ಮೊದಲು ಕೊಳೆ ರೋಗ ಬಾರದಂತೆ ಮೈಲುತುತ್ತ, ಸುಣ್ಣ ಸೇರಿಸಿದ ಔಷಧಿ ಹೊಡೆಯಬೇಕು. ಚಳಿಗಾಲದಲ್ಲಿ ಕೊನೆ, ಎಂದರೆ ಅಡಿಕೆ ಗೊನೆ, ಕೊಯ್ಯಬೇಕು. ಕೊನೆಗೌಡ ಎತ್ತರದ ಮರದ ತುದಿಯಲ್ಲಿ ಕುಳಿತು ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಸಿಬಿಡುತ್ತಾನೆ. ಕೆಳಗೆ ನಿಂತವನು ಅದು ನೆಲಕ್ಕೆ ಬೀಳದಂತೆ ಹಿಡಿಯುತ್ತಾನೆ. ಒಂದು ಮರದಿಂದ ಇನ್ನೊಂದು ಮರಕ್ಕೆ ಕೊನೆಗೌಡ ಮೇಲಿನಿಂದಲೇ ದಾಟುವುದನ್ನು ನೋಡಿದ ನನ್ನ ಮಗ ಆ ದಿನ ಬೇರೆ ಏನನ್ನೂ ನೋಡಲು ಒಪ್ಪಲಿಲ್ಲ. ಕೊಯ್ದದ್ದನ್ನು ಸುಲಿಯಬೇಕು, ಬೇಯಿಸಬೇಕು, ಅಟ್ಟದ ಮೇಲೆ ಅಥವಾ ಅಂಗಳದಲ್ಲಿ ಒಣಗಿಸಬೇಕು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನೆರೆಮನೆಯವರು ಸೇರುತ್ತಾರೆ. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು ಎಂಬ ಮುಯ್ಯಾಳಿನ ಪದ್ಧತಿ ಈಗ ಕಡಿಮೆಯಾಗಿದೆ, ಯಂತ್ರಗಳು ಬಂದಿವೆ. ಆದರೆ ಆ ಪದ್ಧತಿ ಕಲಿಸಿದ ಗುಣ ಉಳಿದಿದೆ. ಒಬ್ಬರ ಕೈ ಇಲ್ಲದೆ ಇನ್ನೊಬ್ಬರ ಬೆಳೆ ಮನೆ ಸೇರದು ಎಂದು ಬಲ್ಲವರು ಮನುಷ್ಯರನ್ನು ಹಗುರವಾಗಿ ಕಾಣುವುದಿಲ್ಲ.

ಬೆಳೆದ ಅಡಿಕೆ ಮಾರುವ ಕಡೆಗೂ ಮಕ್ಕಳನ್ನು ಕರೆದುಕೊಂಡು ಹೋಗಿ. ಪ್ರವಾಸಿಗರ ಪಟ್ಟಿಯಲ್ಲಿ ಈ ಜಾಗ ಇರುವುದಿಲ್ಲ. ನನ್ನ ಪಟ್ಟಿಯಲ್ಲಿ ಇದಕ್ಕೆ ಮೇಲಿನ ಸ್ಥಾನ. ಒಂದು ಕಾಲದಲ್ಲಿ ಬೆಳೆಗಾರರು ಸಾಲಕ್ಕೂ ಮಾರಾಟಕ್ಕೂ ವ್ಯಾಪಾರಿಗಳನ್ನೇ ನೆಚ್ಚಿಕೊಂಡಿರಬೇಕಿತ್ತು. ಅದರಿಂದ ಬಿಡಿಸಿಕೊಳ್ಳಲು 1923ರಲ್ಲಿ ತೋಟಗಾರರೇ ಸೇರಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಕಟ್ಟಿದರು. ಊರವರ ಬಾಯಲ್ಲಿ ಅದು ಟಿಎಸ್‌ಎಸ್. ನೂರು ವರ್ಷ ದಾಟಿದ ಸಂಸ್ಥೆ. ಬೆಳೆಗಾರ ತಂದ ಮೂಟೆಗಳನ್ನು ತೂಗಿ, ಸಾಲಾಗಿ ಇಟ್ಟು, ವ್ಯಾಪಾರಿಗಳು ದರ ಹಾಕುವ ಕ್ರಮವನ್ನು ಅಲ್ಲಿ ನೋಡಬಹುದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಕೋಕ ಎಂದು ಒಂದೇ ಅಡಿಕೆಗೆ ಎಷ್ಟು ದರ್ಜೆ! ಹಸಿರಾಗಿರುವಾಗಲೇ ಕೊಯ್ದು ಬೇಯಿಸಿದ್ದು ರಾಶಿ. ಹಣ್ಣಾದ ಮೇಲೆ ಸಿಪ್ಪೆಸಮೇತ ಒಣಗಿಸಿ ಸುಲಿದದ್ದು ಚಾಲಿ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಸಹಕಾರ ಎಂಬ ಪಾಠ ಮಕ್ಕಳ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಒಂದು ಪುಟ ಇರಬಹುದು. ಇಲ್ಲಿ ಅದು ತಕ್ಕಡಿ, ಮೂಟೆ, ರಸೀದಿ, ಬೆಳೆಗಾರನ ಮುಖದ ನೆಮ್ಮದಿಯ ರೂಪದಲ್ಲಿ ಎದುರಿಗೆ ನಿಂತಿರುತ್ತದೆ. ವ್ಯವಹಾರದಲ್ಲಿ ಮೋಸದ ಹೆದರಿಕೆ ಕಡಿಮೆಯಾದ ಊರಿನಲ್ಲಿ ಹೊಸಬರ ಮೇಲಿನ ಸಂಶಯವೂ ಕಡಿಮೆಯಾಗುತ್ತದೆ ಎಂದು ನನ್ನ ನಂಬಿಕೆ.

ಜನವರಿಯಿಂದ ಮಾರ್ಚಿನೊಳಗೆ ಹೋಗುವವರಿಗೆ ಆಲೆಮನೆಯ ಭಾಗ್ಯವಿದೆ. ಗದ್ದೆಯ ಬದಿಯಲ್ಲಿ ಚಪ್ಪರ, ಒಂದೆಡೆ ಗಾಣ, ಇನ್ನೊಂದೆಡೆ ಒಲೆಯ ಮೇಲೆ ಅಗಲವಾದ ಕೊಪ್ಪರಿಗೆ. ಹಿಂದೆ ಕೋಣಗಳನ್ನು ಕಟ್ಟಿ ಗಾಣ ತಿರುಗಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಎಂಜಿನ್ ಇದೆ. ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಕುಡಿಸದೆ ಕಳಿಸುವುದಿಲ್ಲ ಎಂಬುದು ಅಲ್ಲಿನ ವಾಡಿಕೆ. ಅದಕ್ಕೆ ದುಡ್ಡಿಲ್ಲ, ಲೋಟಗಳ ಲೆಕ್ಕವೂ ಇಲ್ಲ. ಗುರುತಿನವರೇ ಆಗಬೇಕೆಂದಿಲ್ಲ, ದಾರಿಹೋಕರಾದರೂ ಸರಿ. ಜೊತೆಗೆ ಮಂಡಕ್ಕಿ, ಮಿರ್ಚಿ, ನಂಜಿಕೊಳ್ಳಲು ಉಪ್ಪಿನಕಾಯಿ. ಕೊಪ್ಪರಿಗೆಯಲ್ಲಿ ಹಾಲು ಕುದಿದು, ನೊರೆ ಎದ್ದು, ಬಣ್ಣ ತಿರುಗಿ ಜೋನಿ ಬೆಲ್ಲವಾಗುವ ತನಕ ಊರವರು ಸುತ್ತ ಕುಳಿತು ಹರಟುತ್ತಾರೆ. ನಾವು ಕುಳಿತಿದ್ದಾಗ ಅಜ್ಜಿಯೊಬ್ಬರು ನನ್ನ ಮಗನಿಗೆ ‘ತಮಾ, ಇನ್ನೊಂದು ಲೋಟ ಕುಡಿ’ ಎಂದರು; ಮಗಳಿಗೆ ‘ಕೂಸೆ, ಬೆಲ್ಲ ಬಿಸಿ ಇದ್ದು, ಜೋಪಾನ’ ಎಂದರು. ಅವರು ಯಾರೋ, ನಾವು ಯಾರೋ. ಬೆಳೆದದ್ದರಲ್ಲಿ ಮೊದಲ ಪಾಲು ಬಂದವರಿಗೆ ಎಂಬ ನಡವಳಿಕೆಯನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಯಾರು ಕಲಿಸಿಯಾರು?

ಊಟದ ವಿಷಯ ಹೇಳದೆ ಶಿರಸಿಯ ಮಾತು ಮುಗಿಯದು. ಅಲ್ಲಿನ ಮನೆಯ ಅಡುಗೆ ಹಿತ್ತಿಲಿನಿಂದಲೇ ಶುರು. ಒಂದೆಲಗ, ದಾಳಿಂಬೆ ಸಿಪ್ಪೆ, ಎಳೆಯ ಚಿಗುರು, ಯಾವುದು ಸಿಕ್ಕರೂ ಒಂದು ತಂಬುಳಿ ಆಗುತ್ತದೆ. ಹುಳಿಮಾವಿನಿಂದ ಅಪ್ಪೆಹುಳಿ, ಅದನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಹೆಚ್ಚು. ಕೆಸುವಿನ ಎಲೆಯ ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ಬೆಳಗಿನ ತಿಂಡಿಗೆ ತೆಳ್ಳೇವು. ನಮ್ಮ ಮನೆಯವರೆಲ್ಲ ಬೆರಗಾಗಿ ನೋಡಿದ್ದು ತೊಡದೇವು ಮಾಡುವುದನ್ನು. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲು ಹಾಕುತ್ತಾರೆ. ಕಬ್ಬಿನ ಹಾಲಿನಲ್ಲಿ ಅಕ್ಕಿ ಹಿಟ್ಟು ಕದಡಿದ ತೆಳ್ಳನೆ ಹಿಟ್ಟಿಗೆ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಕಾದ ಗಡಿಗೆಯ ಬೆನ್ನ ಮೇಲೆ ಒಂದೇ ಬೀಸಿಗೆ ಎಳೆಯುತ್ತಾರೆ. ಕ್ಷಣದಲ್ಲಿ ಅದು ಕಾಗದದಷ್ಟು ತೆಳುವಾಗಿ ಏಳುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಹಾಲು, ತುಪ್ಪದ ಜೊತೆ ತಿನ್ನಲು ಕೊಡುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಕ್ಕಳನ್ನು ಆ ಮನೆಯ ಗೃಹಿಣಿ ಒಳಗೆ ಕರೆದು ಕೋಲನ್ನು ಅವರ ಕೈಗೇ ಕೊಟ್ಟರು. ನೂರಾರು ರೂಪಾಯಿ ಕೊಟ್ಟು ಕೊಳ್ಳುವ ಆಟಗಳಲ್ಲಿ ಸಿಗದ ಹಿಗ್ಗು ಆಗ ಅವರ ಮುಖದಲ್ಲಿ ಇತ್ತು.

ಊರಿನ ನಡುವೆ ಮಾರಿಕಾಂಬೆ ಇದ್ದಾಳೆ. ದೇವಸ್ಥಾನದ ಕಾಲ 1688 ಎಂದು ಹೇಳುತ್ತಾರೆ. ದೇವಿಯ ಮರದ ಮೂರ್ತಿ ದೇವಿಕೆರೆಯಲ್ಲಿ ಸಿಕ್ಕಿತೆಂಬುದು ಊರಿನ ಐತಿಹ್ಯ. ಎಂಟು ಕೈಗಳ, ಸುಮಾರು 7 ಅಡಿ ಎತ್ತರದ ಆ ಮೂರ್ತಿಯ ಮುಂದೆ ನಿಂತರೆ ಭಯವೂ ಭರವಸೆಯೂ ಒಟ್ಟಿಗೆ ಮೂಡುತ್ತವೆ. ಗೋಡೆಗಳ ಮೇಲಿನ ಕಾವಿ ಚಿತ್ರಗಳನ್ನು ನಿಧಾನವಾಗಿ ನೋಡಿ. ಕೊಂಕಣ ತೀರದ ಆ ಕಲೆ ಈಗ ಅಪರೂಪ. ಎರಡು ವರ್ಷಕ್ಕೊಮ್ಮೆ ಫಾಲ್ಗುಣ ಮಾಸದಲ್ಲಿ ನಡೆಯುವ ಜಾತ್ರೆ ರಾಜ್ಯದ ದೊಡ್ಡ ಜಾತ್ರೆಗಳಲ್ಲಿ ಒಂದು. ದೇವಿ ರಥವೇರಿ ಬಿಡಕಿ ಬಯಲಿಗೆ ಬಂದು ಗದ್ದುಗೆಯಲ್ಲಿ ಕೂಡುತ್ತಾಳೆ. ಜಾತ್ರೆ ಮುಗಿಯುವ ತನಕ ಇಡೀ ಪೇಟೆಯೇ ಆಕೆಯ ಅಂಗಳ. ಜಾತ್ರೆಯ ವಿಧಿಗಳಲ್ಲಿ ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಹಕ್ಕು, ಹೊಣೆಗಳಿವೆ. ಒಬ್ಬರು ಬಾರದಿದ್ದರೆ ಜಾತ್ರೆ ಮುಂದೆ ಸಾಗದು. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದಿದ್ದರು. ಆ ಕಾಲದಲ್ಲಿ ಊರಿನವರು ಜಾತ್ರೆಯಲ್ಲಿ ಕೊಡುತ್ತಿದ್ದ ಕೋಣನ ಬಲಿಯನ್ನು ನಿಲ್ಲಿಸಿದರು, ದೇವಸ್ಥಾನ ಎಲ್ಲರಿಗೂ ತೆರೆಯಿತು. ತಲೆತಲಾಂತರದ ಆಚರಣೆಯನ್ನು ಊರು ತಾನೇ ಕುಳಿತು ಯೋಚಿಸಿ ಬದಲಿಸಿಕೊಂಡದ್ದು ಮಕ್ಕಳಿಗೆ ಹೇಳಲೇಬೇಕಾದ ಕಥೆ.

ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ. ಬೆನ್ನಿಗೆ ನವಿಲುಗರಿಯ ದೊಡ್ಡ ಹರಹು, ಕೆಂಪು ಬಣ್ಣದ ಮುಖ, ಕೈಯಲ್ಲಿ ಕತ್ತಿ ಗುರಾಣಿ. ತಮಟೆಯ ಗತ್ತಿಗೆ ಬೇಡ ಅಬ್ಬರಿಸುತ್ತ ಕುಣಿಯುವಾಗ ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಿರುತ್ತಾರೆ. ಹತ್ತಿರದ ಸೋದೆಯ ಅರಸರ ಕಾಲದ ಮಲ್ಲೇಶಿ ಎಂಬ ಬೇಡನ ಕಥೆಯನ್ನು ಇದರ ಮೂಲವಾಗಿ ಹೇಳುತ್ತಾರೆ. ರಾತ್ರಿಯಿಡೀ ಊರು ಬೀದಿಯಲ್ಲಿ. ಉಳಿದ ದಿನಗಳಲ್ಲಿ ಎಲ್ಲಾದರೂ ಬಡಗುತಿಟ್ಟಿನ ಯಕ್ಷಗಾನ ಇದೆಯೇ ಎಂದು ವಿಚಾರಿಸಿ. ಚಳಿಯಲ್ಲಿ ಕಂಬಳಿ ಹೊದ್ದು, ಅರೆನಿದ್ದೆಯಲ್ಲಿ ಚಂಡೆಯ ಸದ್ದಿಗೆ ಎಚ್ಚರವಾಗುವ ಸುಖವನ್ನು ಮಕ್ಕಳಿಗೆ ಕೊಡಿ.

ಸುತ್ತಲಿನ ಜಾಗಗಳಿಗೆ ದಿನಕ್ಕೊಂದು ದಿಕ್ಕು ಸಾಕು. ಒಂದು ದಿನ ಬನವಾಸಿ. ಶಿರಸಿಯಿಂದ 23-24 ಕಿಲೋಮೀಟರ್. ಊರನ್ನು ವರದಾ ನದಿ ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ. ಕನ್ನಡ ನೆಲದ ಮೊದಲ ಅರಸುಮನೆತನಗಳಲ್ಲಿ ಒಂದರ ಊರು ಇದು ಎಂದು ಮಕ್ಕಳಿಗೆ ಹೇಳಿ, ಮಧುಕೇಶ್ವರ ದೇವಾಲಯದ ಕಂಬಗಳ ನಡುವೆ ಅವರನ್ನು ಓಡಾಡಲು ಬಿಡಿ. ಜೇನಿನ ಬಣ್ಣದ ಲಿಂಗ, ದೊಡ್ಡ ನಂದಿ, ಸೂಕ್ಷ್ಮ ಕೆತ್ತನೆಯ ಕಲ್ಲಿನ ಮಂಚ, ಶಾಸನವಿರುವ ನಾಗರಕಲ್ಲು ಎಲ್ಲ ಅಲ್ಲಿವೆ. ಹತ್ತನೆಯ ಶತಮಾನದ ಆದಿಕವಿ ಪಂಪ ಈ ಸೀಮೆಗಾಗಿ ಎಷ್ಟು ಹಂಬಲಿಸಿದನೆಂಬುದು ಕನ್ನಡಿಗರಿಗೆಲ್ಲ ಗೊತ್ತು. ಇಲ್ಲಿನ ಆದರ ಎಷ್ಟು ಹಳೆಯದು ಎಂಬುದಕ್ಕೆ ಸಾವಿರ ವರ್ಷದ ಹಿಂದಿನ ಆ ಹಂಬಲಕ್ಕಿಂತ ಬೇರೆ ಸಾಕ್ಷಿ ಬೇಕೆ? ಬರುವಾಗ ದಾರಿಯಲ್ಲಿ ಬನವಾಸಿಯ ಅನಾನಸು ಕೊಳ್ಳಿ.

ಇನ್ನೊಂದು ದಿನ ಸೋದೆ, ಸಹಸ್ರಲಿಂಗ. ಸೋದೆಯಲ್ಲಿ ವಾದಿರಾಜರ ಬೃಂದಾವನ, ಸಮೀಪದಲ್ಲೇ ಸ್ವರ್ಣವಲ್ಲಿ ಮಠ, ಜೈನ ಮಠ. ಮೂರು ಪರಂಪರೆಗಳು ಹತ್ತಿರ ಹತ್ತಿರವೇ ನೆಲೆಸಿವೆ. ಮಧ್ಯಾಹ್ನ ಮಠದಲ್ಲಿ ಪಂಕ್ತಿಯಲ್ಲಿ ಕುಳಿತು ಊಟ ಮಾಡಿ. ಮಳೆಗಾಲದ ಆರಂಭದಲ್ಲಿ ಹೋದರೆ ಸೋದೆಯ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದನ್ನು ನೋಡಬಹುದು. ಊರಿನವರು ಅವುಗಳನ್ನು ಅಕ್ಕರೆಯಿಂದ ಕಾಯುತ್ತಾರೆ. ಸಹಸ್ರಲಿಂಗದಲ್ಲಿ ಶಾಲ್ಮಲಾ ನದಿಯ ಬಂಡೆಬಂಡೆಯ ಮೇಲೂ ಲಿಂಗ, ಎದುರಿಗೆ ನಂದಿ. 1678ರಿಂದ 1718ರವರೆಗೆ ಆಳಿದ ಸೋದೆಯ ಸದಾಶಿವರಾಯನ ಕಾಲದ್ದೆಂದು ಹೇಳುತ್ತಾರೆ. ನೀರು ಇಳಿದ ಮೇಲೆ, ಚಳಿಗಾಲದ ನಂತರ ಹೋದರೆ ಹೆಚ್ಚು ಲಿಂಗಗಳು ಕಾಣುತ್ತವೆ.

ಮೂರನೆಯ ದಿನಕ್ಕೆ ಯಾಣ ಅಥವಾ ಉಂಚಳ್ಳಿ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಯಾಣದ ದಾರಿ ಕಠಿಣವಾಗಿತ್ತು. ಈಗ ಹತ್ತಿರದವರೆಗೂ ರಸ್ತೆ ಇದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಾಡಿನ ನಡುವೆ ಒಮ್ಮೆಗೇ ಎದ್ದು ನಿಂತ ಕಪ್ಪು ಸುಣ್ಣಕಲ್ಲಿನ ಬಂಡೆಗಳು. ಉಂಚಳ್ಳಿಯಲ್ಲಿ ಅಘನಾಶಿನಿ ನದಿ 116 ಮೀಟರ್ ಆಳಕ್ಕೆ ಧುಮುಕುತ್ತದೆ. ಈ ನದಿಯ ಒಂದು ಮೂಲ ಶಿರಸಿ ಪೇಟೆಯ ಶಂಕರಹೊಂಡದಲ್ಲೇ ಇದೆ. ಅಲ್ಲಿಂದ ಹೊರಟು ದೊಡ್ಡ ಅಣೆಕಟ್ಟು ಯಾವುದೂ ಇಲ್ಲದೆ ಕುಮಟಾದ ಹತ್ತಿರ ಕಡಲು ಸೇರುತ್ತದೆ. ಬೆಳಗ್ಗೆ ಹೊಂಡ ತೋರಿಸಿ ಮಧ್ಯಾಹ್ನ ಜಲಪಾತ ತೋರಿಸಿದರೆ, ನದಿ ಎಂದರೇನೆಂದು ಮಕ್ಕಳಿಗೆ ಬೇರೆ ಪಾಠ ಬೇಡ.

ಕಾಡಿನ ದಾರಿಯಲ್ಲಿ ಹೋಗುವಾಗ ಅಪ್ಪಿಕೋ ಚಳವಳಿಯನ್ನು ನೆನೆಯಿರಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಲಿನ ಜನ ಕಳಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರು ಆ ಚಳವಳಿಯ ಮುಂಚೂಣಿಯಲ್ಲಿದ್ದರು. ನಾವು ಇಂದು ಬೆರಗಿನಿಂದ ನೋಡುವ ಹಸಿರನ್ನು ಯಾರೋ ಮೈಯೊಡ್ಡಿ ಉಳಿಸಿದ್ದಾರೆ ಎಂದು ತಿಳಿದ ಮಗು, ಆ ಕಾಡಿನಲ್ಲಿ ಪ್ಲಾಸ್ಟಿಕ್ ಬಾಟಲಿ ಎಸೆಯುವುದಿಲ್ಲ.

ಇಷ್ಟು ಆದರ ಸಿಗುವ ಊರಿನಲ್ಲಿ ನೆಂಟರಿಗೂ ಧರ್ಮವಿದೆ. ಅಂಗಳದಲ್ಲಿ ಒಣ ಹಾಕಿದ ಅಡಿಕೆಯನ್ನು ತುಳಿಯಬೇಡಿ. ಅದು ಒಂದು ಮನೆಯ ವರ್ಷದ ದುಡಿಮೆ. ಊಟಕ್ಕೆ ಹೋಗುವುದಾದರೆ ಹಿಂದಿನ ದಿನವೇ ತಿಳಿಸಿ. ಹಳ್ಳಿಯವರು ಮನೆಯಲ್ಲಿ ಮಾಡಿದ ಹಪ್ಪಳ, ಉಪ್ಪಿನಕಾಯಿಗೆ ಹೇಳಿದ ಬೆಲೆ ಕೊಟ್ಟು ಕೊಳ್ಳಿ, ಚೌಕಾಸಿ ಬೇಡ. ಜಲಪಾತದ ಬಂಡೆಗಳು ಜಾರುತ್ತವೆ. ಅಲ್ಲಿಯವರು ಇಳಿಯಬೇಡಿ ಎಂದ ಜಾಗದಲ್ಲಿ ಇಳಿಯಲೇಬೇಡಿ. ಮಳೆಗಾಲದಲ್ಲಿ ಉಂಬಳ ಹತ್ತುತ್ತದೆ, ಹೆದರುವಂಥದ್ದೇನಿಲ್ಲ. ಚಳಿಗಾಲ, ಬೇಸಿಗೆಗಳಲ್ಲಿ ಮಾತ್ರ ಎಚ್ಚರ ಬೇಕು: ಈ ಭಾಗದ ಕೆಲವು ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಮನೆಯವರನ್ನು ಕೇಳಿ, ಅವರು ಹೋಗಬಹುದೆಂದ ದಾರಿಯಲ್ಲೇ ಹೋಗಿ.

ಎಲ್ಲಕ್ಕಿಂತ ಮುಖ್ಯವಾಗಿ, ನೀವು ಉಳಿದ ಮನೆಯ ಹಿರಿಯರ ಜೊತೆ ಕುಳಿತು ಮಾತಾಡಿ. ಎಂಟು ಅಂಕಣದ ಮನೆಯಲ್ಲಿ ಇಂದು ಇಬ್ಬರೇ ವೃದ್ಧರು ಇರುವ ಉದಾಹರಣೆಗಳು ಬೇಕಾದಷ್ಟಿವೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ತೋಟಕ್ಕೆ ಆಳು ಸಿಗುವುದಿಲ್ಲ, ಕೊನೆ ಕೊಯ್ಯಲು ಮರ ಹತ್ತುವವರು ಸಿಗುವುದಿಲ್ಲ. ಜಗಲಿಯ ಮೇಲೆ ನಿಮ್ಮ ಮಕ್ಕಳು ಗಲಾಟೆ ಮಾಡಿದರೆ ಆ ಹಿರಿಯರಿಗೆ ಆಗುವ ಸಂತೋಷ ಲೆಕ್ಕಕ್ಕೆ ಸಿಗುವುದಲ್ಲ. ನೀವು ಕೊಡುವ ವಸತಿಯ ಹಣವೂ ನೇರವಾಗಿ ಆ ಮನೆಗೆ ಸೇರುತ್ತದೆ. ಊರಿಗೆ ಮರಳಿ ಬಂದು ನೆಂಟರನ್ನು ನೋಡಿಕೊಳ್ಳುತ್ತ ತೋಟ ಮಾಡಿಕೊಂಡಿರುವ ಯುವಕರನ್ನೂ ನಾನು ಕಂಡಿದ್ದೇನೆ. ನಮ್ಮ ರಜೆ ಅವರ ಬದುಕಿಗೆ ಒಂದು ಆಸರೆಯಾಗುವುದಾದರೆ ಅದಕ್ಕಿಂತ ಒಳ್ಳೆಯ ರಜೆ ಯಾವುದು?

ಶಿರಸಿಯೇ ಆಗಬೇಕೆಂದು ನನ್ನ ಹಠವಿಲ್ಲ. ತೀರ್ಥಹಳ್ಳಿ, ಸಾಗರ, ಮೇಲುಕೋಟೆ, ಬಾದಾಮಿ, ಹೀಗೆ ನಾಡಿನ ಪ್ರತಿ ಸೀಮೆಯಲ್ಲೂ ಬಂದವರನ್ನು ಕರೆದು ಕೂರಿಸುವ ಊರುಗಳಿವೆ. ಅವುಗಳಲ್ಲಿ ಒಂದನ್ನು ಆರಿಸಿ. ಅಲ್ಲಿ ಏನು ಬೆಳೆಯುತ್ತಾರೆ, ಹೇಗೆ ಮಾರುತ್ತಾರೆ, ಯಾವ ದೇವರಿಗೆ ಹೇಗೆ ಜಾತ್ರೆ ಮಾಡುತ್ತಾರೆ, ಯಾವ ಕಾಡನ್ನು ಹೇಗೆ ಉಳಿಸಿಕೊಂಡರು ಎಂದು ಮಕ್ಕಳು ಕೇಳಲಿ. ಹೇಳುವವರು ಅಲ್ಲಿ ಸಿಕ್ಕೇ ಸಿಗುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಊರಿಗೆ ಹೋಗಿ. ಎರಡನೆಯ ಸಲ ಹೋದಾಗ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ. ನಡುವೆ ಒಮ್ಮೆ ಅವರನ್ನೂ ನಿಮ್ಮ ಮನೆಗೆ ಕರೆಯಿರಿ, ಬಂದಾಗ ಮೊದಲು ನೀರು ಕೊಡಿ. ನಾಡಿನ ಜನ ಒಬ್ಬರಿಗೊಬ್ಬರು ನೆಂಟರಾಗುವ ಈ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ಈ ರಜೆಯಲ್ಲೇ ಶುರುಮಾಡಿ.